ಒಳಪತ್ರದ ಹದಿನಾರನೇ ಪ್ರಶ್ನೆ

ನಮ್ಮ ಊರಿನ ಬಾವಿಯಲ್ಲಿ ನಾಳೆಯ ದನಿಗಳು ಇವತ್ತೇ ಕೇಳಿಸುತ್ತವೆ. ಒಂದು ದಿನ ಮುಂಚೆ ಅಷ್ಟೇ, ಹೆಚ್ಚಿಲ್ಲ. ಬಾವಿಯ ಸುತ್ತ ಎರಡಾಳೆತ್ತರದ ಗೋಡೆ ಇದೆ, ಗೋಡೆಗೆ ಒಂದೇ ಬಾಗಿಲು. ಒಳಗೆ ಇಬ್ಬಿಬ್ಬರಾಗಿ ಕೂತು, ಕಿವಿಗೆ ಬಿದ್ದದ್ದನ್ನು ರಿಜಿಸ್ಟರಿನಲ್ಲಿ ಬರೆದಿಡುವವರಿಗೆ ಕೇಳುಗರು ಎನ್ನುತ್ತಾರೆ. ಬೆಂಕಿ, ನೆರೆ, ಗೋಡೆ ಕುಸಿತ, ಈ ಮೂರರ ಸುಳಿವು ಸಿಕ್ಕರೆ ಕಚೇರಿಯವರು ಊರಿಗೆ ಡಂಗುರ ಹೊಡೆಸುತ್ತಾರೆ. ಉಳಿದದ್ದೆಲ್ಲ ಬೀರುವಿನೊಳಗೆ. ನಾನು ಹದಿನೈದು ವರ್ಷದಿಂದ ಕೇಳುಗ. ಹೆಸರು ತಿಪ್ಪೇಶ.

ಕೇಳುಗರ ಜೊತೆ ಬದುಕುವುದನ್ನು ಊರು ಯಾವತ್ತೋ ಕಲಿತುಬಿಟ್ಟಿದೆ. ಅಂಗಡಿಯಲ್ಲಿ ನಾನು ಎರಡು ಪೊಟ್ಟಣ ಕರ್ಪೂರ ಕೊಂಡರೆ ಪಕ್ಕದಲ್ಲಿದ್ದವರು ಮನೆಗೆ ಹೋಗಿ ಮುದುಕರ ಮೈ ಮುಟ್ಟಿ ನೋಡುತ್ತಾರೆ. ಹಾಗಾಗಿ ನಾವು ಕರ್ಪೂರವನ್ನು ವರ್ಷಕ್ಕೊಂದೇ ಸಲ ಕೊಳ್ಳುತ್ತೇವೆ. ಕ್ಷೌರದ ಅಂಗಡಿಯಲ್ಲಿ ನಮ್ಮ ಕುರ್ಚಿಯನ್ನು ಕನ್ನಡಿಗೆ ಬೆನ್ನು ಮಾಡಿ ಇಡುತ್ತಾರೆ, ಕಾಯುತ್ತ ಕೂತವರಿಗೆ ನಮ್ಮ ಮುಖ ಕಾಣದಿರಲಿ ಎಂದು. ಯಾರೂ ನಮ್ಮನ್ನು ಏನೂ ಕೇಳುವುದಿಲ್ಲ. ನಾವೂ ಹೇಳುವುದಿಲ್ಲ. ಹೇಳಿದ್ದು ಗೊತ್ತಾದರೆ ಒಳಪತ್ರ, ಅಂದರೆ ಗೋಡೆಯೊಳಗೆ ಹೋಗುವ ಪರವಾನಗಿ, ಹೋಗುತ್ತದೆ. ಒಳಪತ್ರ ಹೋದವನು ಒಂದು ತಿಂಗಳೊಳಗೆ ಊರು ಬಿಟ್ಟು ಹೊಳೆಯಾಚೆ ಹೋಗಿ ಇರಬೇಕು, ಮತ್ತೆ ಈ ಕಡೆ ಕಾಲಿಡುವಂತಿಲ್ಲ.

ಒಳಪತ್ರವನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಈ ವರ್ಷ ನನ್ನ ಸರದಿ ಬಂದಾಗ ಬಾವಿಯ ಮೇಲ್ವಿಚಾರಕ ಬಸವಣ್ಯಪ್ಪ ಅರ್ಜಿಯನ್ನು ತಾವೇ ಮನೆಗೆ ತಂದುಕೊಟ್ಟರು. ಬೇರೆಯವರದ್ದನ್ನು ಜವಾನನ ಕೈಲಿ ಕಳಿಸುತ್ತಾರೆ. ನನ್ನದು ಮಾತಾಡಿ ಕೊಡಬೇಕಾದ ಅರ್ಜಿ ಎಂದು ಅವರಿಗೂ ಗೊತ್ತಿತ್ತು, ನನಗೂ.

ನಾನು ಕುಡಿಯಲು ಶುರುಮಾಡಿದ್ದು ಆರು ವರ್ಷದ ಹಿಂದೆ. ಒಂದು ಬೆಳಿಗ್ಗೆ ಬಾವಿಯಿಂದ ನನ್ನ ಹೆಂಡತಿ ಹಾಲಮ್ಮನ ದನಿ ಬಂತು. “ಮಾವಾ, ಮಾವಾ” ಎಂದು ನಾಲ್ಕೈದು ಸಲ ಕರೆದಳು. ಉತ್ತರ ಬರಲಿಲ್ಲ. ಹೆಂಗಸೊಬ್ಬಳು ಮಾವನನ್ನು ಕರೆಯುತ್ತಿದ್ದಾಳೆ ಎಂದು ರಿಜಿಸ್ಟರಿನಲ್ಲಿ ಬರೆದು, ಸಮಯ ಹಾಕಿ ಸಹಿ ಮಾಡಿದೆ. ಮಧ್ಯಾಹ್ನ ಮನೆಗೆ ಹೋದಾಗ ಅಪ್ಪ ಜಗಲಿಯ ಮೇಲೆ ಕೂತು ಚಪ್ಪಲಿಯ ಉಂಗುಷ್ಠಕ್ಕೆ ದಾರ ಹಾಕುತ್ತಿದ್ದರು. ಹೊಸದು ತರುತ್ತೇನೆ ಎಂದೆ. ಇದೇ ಇನ್ನೊಂದು ವರ್ಷ ಬರುತ್ತದೆ, ದುಂದು ಮಾಡಬೇಡ ಎಂದರು. ಇಬ್ಬರೂ ಒಟ್ಟಿಗೆ ಕೂತು ಉಂಡೆವು. ಮಾರನೇ ದಿನ ಬೆಳಿಗ್ಗೆ ಅವರು ಏಳಲಿಲ್ಲ.

ಹದಿಮೂರನೇ ದಿನದ ಕಾರ್ಯ ಮುಗಿದ ಮೇಲೆ ಹಾಲಮ್ಮ ಒಂದೇ ಮಾತು ಹೇಳಿದಳು. “ನಿಮಗೆ ಹಿಂದಿನ ದಿನವೇ ಗೊತ್ತಿತ್ತು.” ಪ್ರಶ್ನೆಯಲ್ಲ ಅದು. ಆ ಮೇಲೆ ಆ ವಿಷಯ ಎತ್ತಲಿಲ್ಲ. ಕುಡಿತಕ್ಕೆ ಇದೇ ಕಾರಣ ಎಂದು ನಾನು ಹೇಳಲಾರೆ. ಪ್ರತಿ ಕೇಳುಗನಿಗೂ ಇಂಥದ್ದೊಂದು ಇದ್ದೇ ಇರುತ್ತದೆ, ಎಲ್ಲರೂ ಕುಡಿಯಲಿಲ್ಲ. ಮೊದಮೊದಲು ರಜೆಯ ದಿನ ಕುಡಿಯುತ್ತಿದ್ದೆ. ಆಮೇಲೆ ಪಾಳಿ ಮುಗಿದ ಕೂಡಲೇ ಹೆಂಡದಂಗಡಿಗೆ ಹೋಗತೊಡಗಿದೆ. ಒಮ್ಮೆ ಅಲ್ಲಿ ಹೊಡೆದಾಟವಾಗಿ ಒಂದು ದಿನ ಪೊಲೀಸ್ ಠಾಣೆಯಲ್ಲಿ ಕೂತೆ. ಹಿಂದಿನ ಸಲದ ಅರ್ಜಿ ಆ ಹೊತ್ತಿಗೇ ಬಂದದ್ದು. ಕುಡಿತದ ಅಭ್ಯಾಸವಿದೆಯೇ ಎಂಬಲ್ಲಿ ಇಲ್ಲ ಎಂದು ಬರೆದೆ. ಬಸವಣ್ಯಪ್ಪ ನನ್ನ ಮುಖ ನೋಡಿ, ಪತ್ರ ನೋಡಿ, ಕೆಳಗೆ ಸಹಿ ಹಾಕಿದರು.

ಮೂರು ವರ್ಷ ನಾಲ್ಕು ತಿಂಗಳ ಹಿಂದೆ, ಒಂದು ಮಧ್ಯಾಹ್ನ, ಬೆಳಗಿನ ಪಾಳಿ ಮುಗಿಸಿ, ಕುಡಿದು, ಲೂನಾ ಹತ್ತಿ ಸುಣ್ಣದ ಗೂಡಿನ ರಸ್ತೆಯಲ್ಲಿ ಹೊರಟವನು ದರ್ಜಿ ಖಲಂದರ್ ಸಾಬರ ಮೇಲೆ ಹಾಯಿಸಿದೆ. ಹೊಲಿದ ಬಟ್ಟೆಯ ಗಂಟು ಹೊತ್ತು ರಸ್ತೆಯ ಅಂಚಿನಲ್ಲೇ ನಡೆದು ಹೋಗುತ್ತಿದ್ದರಂತೆ. ಅವರ ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಇದೆಲ್ಲ ನನಗೆ ತಿಳಿದದ್ದು ಕೋರ್ಟಿನಲ್ಲಿ. ಹೆಂಡದಂಗಡಿಯ ಬಾಗಿಲು ದಾಟಿದ್ದು ನೆನಪಿದೆ, ಠಾಣೆಯ ಬೆಂಚಿನ ಮೇಲೆ ಎಚ್ಚರವಾದದ್ದು ನೆನಪಿದೆ. ನಡುವಿನದ್ದು ಇಲ್ಲ. ಎರಡು ತಿಂಗಳು ಜೈಲಾಯಿತು. ಹೊರಬಂದು ಮೂರು ತಿಂಗಳು ಕುಡಿತ ಬಿಡಿಸುವ ಆಶ್ರಮದಲ್ಲಿದ್ದೆ. ಕಚೇರಿಯವರು ಕೆಲಸದಿಂದ ತೆಗೆಯಲಿಲ್ಲ, ಗೋಡೆಯ ಹೊರಗೆ ಅಂಗಳ ಗುಡಿಸಲು ಹಾಕಿದರು. ಒಂದು ವರ್ಷ ಗುಡಿಸಿದ ಮೇಲೆ, ಪತ್ರದ ಅವಧಿ ಮುಗಿಯುವವರೆಗೆ ಎಂದು ಹೇಳಿ ಮತ್ತೆ ಒಳಗೆ ಬಿಟ್ಟರು. ಅವಧಿ ಈಗ ಮುಗಿದಿತ್ತು.

ಅರ್ಜಿಯಲ್ಲಿ ಹದಿನೆಂಟು ಪ್ರಶ್ನೆಗಳಿವೆ. ಜೈಲು, ಕೇಸು, ಕುಡಿತ ಎಲ್ಲವನ್ನೂ ತಾರೀಖಿನ ಸಮೇತ ಬರೆದೆ. ಹಿಂದಿನ ಸಲ ಸುಳ್ಳು ಬರೆದಿದ್ದೆ ಎಂದೂ ಬರೆದೆ. ಆಶ್ರಮದಿಂದ ಬಂದ ಏಳನೇ ತಿಂಗಳು, ನನ್ನ ಸೋದರಳಿಯನ ಮದುವೆಯಲ್ಲಿ, ಒಂದು ಲೋಟ ಕುಡಿದಿದ್ದೆ. ಅದನ್ನೂ ಬರೆದೆ. ಹಾಲಮ್ಮ ಅಂಗನವಾಡಿಯಿಂದ ಬಂದವಳು ಕೈ ಒರೆಸಿಕೊಂಡು ಹಾಳೆಗಳನ್ನು ಎತ್ತಿಕೊಂಡು ಓದಿದಳು. ಮದುವೆಯ ವಿಷಯ ಬಂದಲ್ಲಿ ಬೆರಳಿಟ್ಟು ನಿಂತಳು.

“ಇದು ನನಗೆ ಗೊತ್ತಿರಲಿಲ್ಲ.”

“ಒಂದೇ ಸಲ. ಆಮೇಲೆ ಇಲ್ಲ.”

“ಕಚೇರಿಗೆ ಹೇಳೋಕೆ ಮುಂಚೆ ನನಗೆ ಹೇಳಬಹುದಿತ್ತು” ಎಂದಳು. ಮುಂದಿನ ಹಾಳೆ ತಿರುವಿದಳು.

ಹದಿನಾರನೇ ಪ್ರಶ್ನೆ ಹೀಗಿದೆ: ಮದ್ಯದ ಅಮಲಿನಲ್ಲಿ ಬಾವಿಯ ಮಾತನ್ನು ಹೊರಗಿನವರ ಮುಂದೆ ಆಡಿದ್ದುಂಟೇ? ಅದರ ಮುಂದೆ ನಾನು ಗೊತ್ತಿಲ್ಲ ಎಂದು ಬರೆದಿದ್ದೆ. ಹಾಲಮ್ಮ ಅದನ್ನು ನೋಡಿದಳು, ಅರ್ಜಿಯನ್ನು ಮಡಿಚಿ ನನ್ನ ಕೈಗೆ ಕೊಟ್ಟಳು. ಹೊಳೆಯಾಚೆ ಅಂಗನವಾಡಿ ಇಲ್ಲ. ಇಲ್ಲಿ ಇಪ್ಪತ್ತೆರಡು ಮಕ್ಕಳು ಅವಳ ಕೈಯ ಉಪ್ಪಿಟ್ಟು ತಿಂದು ಅವಳ ಸೆರಗಿಗೆ ಬಾಯಿ ಒರೆಸುತ್ತವೆ. ನಾನು ಹೋದರೆ ಅವಳೂ ಬರುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಅವಳು ಬರುತ್ತೇನೆ ಎಂದಿರಲಿಲ್ಲ, ಬರುವುದಿಲ್ಲ ಎಂದೂ ಇರಲಿಲ್ಲ.

ಬಸವಣ್ಯಪ್ಪ ಮಾತ್ರ ಅರ್ಜಿ ಓದಿ ಕನ್ನಡಕ ತೆಗೆದಿಟ್ಟರು. ಜೈಲಾಗಿರುವುದು ಊರಿಗೇ ಗೊತ್ತು, ಅದನ್ನು ಬರೆದರೆ ಬರಿ ಎಂದರು. ಹಳೆಯ ಸುಳ್ಳಿನ ವಿಷಯ ಬಂದಾಗ, ಆ ಪತ್ರಕ್ಕೆ ತಮ್ಮ ಸಹಿಯೂ ಇದೆಯಲ್ಲ ಎಂದು ಮೆಲ್ಲಗೆ ನೆನಪು ಮಾಡಿದರು. ಇದ್ದರೆ ಇರಲಿ ಎಂದು ತಾವೇ ಸಮಾಧಾನ ಮಾಡಿಕೊಂಡರು. ಹದಿನಾರನೆಯದಕ್ಕೆ ಬಂದಾಗ ಅವರಿಗೆ ತಡೆಯಲಾಗಲಿಲ್ಲ.

“ಗೊತ್ತಿಲ್ಲ ಅಂತ ಯಾರಾದ್ರೂ ಬರೀತಾರಾ ತಿಪ್ಪೇಶ? ಇಲ್ಲ ಅಂತ ಬರಿ. ನೀನು ಆಡಿದೀಯ ಅಂತ ಯಾರೂ ದೂರು ಕೊಟ್ಟಿಲ್ಲ.”

“ಆಡಿಲ್ಲ ಅಂತ ನನಗೆ ನೆನಪಿದ್ದರೆ ಬರೀತಿದ್ದೆ.”

“ಹೌದು ಅಂದ್ರೆ ಒಂದೇ ಏಟಿಗೆ ಪತ್ರ ಹೋಗುತ್ತೆ. ಇದು ಅದಕ್ಕಿಂತ ಕೆಟ್ಟದ್ದು. ಗೊತ್ತಿಲ್ಲ ಅಂದೋನನ್ನ ಯಾವ ಧೈರ್ಯದ ಮೇಲೆ ಒಳಗೆ ಬಿಡ್ತಾರೆ ಹೇಳು.”

ಅವರು ಹೇಳಿದ್ದು ಸರಿಯೇ ಇತ್ತು. ಆದರೂ ತಿದ್ದಲಿಲ್ಲ. ಪ್ರಾಮಾಣಿಕತೆ ಎಂದು ದೊಡ್ಡ ಹೆಸರು ಕೊಡುವುದು ಬೇಡ. ಒಂದು ಸಲ ಸುಳ್ಳು ಬರೆದು ಐದು ವರ್ಷ ಅದನ್ನು ಹೊತ್ತು ತಿರುಗಿದ್ದೆ, ಇನ್ನೊಂದನ್ನು ಹೊರಲು ಮೈಯಲ್ಲಿ ಜಾಗವಿರಲಿಲ್ಲ. ಅರ್ಜಿ ಮುಖ್ಯ ಕಚೇರಿಗೆ ಹೋಯಿತು. ಹನ್ನೆರಡು ದಿನಕ್ಕೆ ಉತ್ತರ ಬಂತು. ವಿಚಾರಣೆ ಇದೆ, ಹದಿನಾರನೇ ಪ್ರಶ್ನೆಯ ಬಗ್ಗೆ ತಿಳಿದವರು ಯಾರಾದರೂ ಇದ್ದರೆ ಸಾಕ್ಷಿಯಾಗಿ ಕರೆತರಬಹುದು ಎಂದಿತ್ತು.

ತಿಳಿದವರು ಒಬ್ಬರೇ. ಆ ಮಧ್ಯಾಹ್ನ ಸುಣ್ಣದ ಗಾಡಿ ಬರುವವರೆಗೆ ಸುಮಾರು ಒಂದು ತಾಸು ರಸ್ತೆಯಲ್ಲಿ ನನ್ನ ಜೊತೆ ಇದ್ದವರು.

ಖಲಂದರ್ ಸಾಬರ ಅಂಗಡಿ ಇರುವ ಬೀದಿಗೆ ನಾನು ಮೂರು ವರ್ಷದಿಂದ ಹೋಗಿರಲಿಲ್ಲ. ಮಾರ್ಕೆಟ್ಟಿಗೆ ಹೋಗಬೇಕಾದರೂ ಅಗಸರ ಕಟ್ಟೆ ಸುತ್ತಿ ಹೋಗುತ್ತಿದ್ದೆ. ಆ ದಿನ ನೇರ ಹೋದೆ. ಅವರು ಮಿಷನ್ ಮುಂದೆ ಕೂತಿದ್ದರು. ಕಾಲಲ್ಲಿ ತುಳಿಯುವ ಹಳೆಯ ಮಿಷನ್ನಿಗೆ ಸಣ್ಣ ಮೋಟಾರು ಕೂರಿಸಿಕೊಂಡಿದ್ದರು. ಎಡಗಾಲು ಪಕ್ಕಕ್ಕೆ ಚಾಚಿತ್ತು. ಹೆಂಗಸೊಬ್ಬಳು ರವಿಕೆಗಾಗಿ ಕಾಯುತ್ತಿದ್ದಳು. ನನ್ನನ್ನು ಕಂಡು, ಆಮೇಲೆ ಬರುತ್ತೇನೆ ಎಂದು ಎದ್ದು ಹೋದಳು. ಖಲಂದರ್ ಸಾಬರು ಹೊಲಿಗೆ ನಿಲ್ಲಿಸಲಿಲ್ಲ. ನಾನು ನಿಂತೇ ಇದ್ದೆ.

“ನಿಮ್ಮ ಕಾಲು ಹೇಗಿದೆ ಅಂತ ಒಂದು ಸಲವೂ ಬಂದು ಕೇಳಲಿಲ್ಲ ನಾನು” ಎಂದೆ.

“ಕೇಳಲಿಲ್ಲ” ಎಂದರು.

ಬಂದ ಕಾರಣ ಹೇಳಿದೆ. ಆ ದಿನದ್ದು ನನಗೇನೂ ನೆನಪಿಲ್ಲ, ಬಾವಿಯ ಮಾತನ್ನು ಏನಾದರೂ ಆಡಿದ್ದೆನೇ ಎಂದು ತಿಳಿಯಬೇಕು, ಆಡಿದ್ದರೆ ಆಡಿದೆ ಎಂದೇ ಹೇಳಬೇಕು ಎಂದೆ. ಬಾಬಿನ್ನಿನ ದಾರ ಮುಗಿಯಿತು. ಅವರು ಅದನ್ನು ಹೊರತೆಗೆದು ಹೊಸ ದಾರ ಸುತ್ತತೊಡಗಿದರು.

“ನೀವು ಏನಂದ್ರಿ ಅನ್ನೋದು ಅಕ್ಷರ ಅಕ್ಷರ ನೆನಪಿದೆ. ಇವತ್ತಿನವರೆಗೆ ಮನೆಯವಳಿಗೂ ಹೇಳಿಲ್ಲ. ಇಲ್ಲಿ ಹೇಳಲ್ಲ. ಅಲ್ಲಿ ಬಂದು ಹೇಳ್ತೀನಿ.”

ಹೇಳುವಂಥದ್ದು ಇದೆ ಎಂದು ಅಷ್ಟರಿಂದಲೇ ಗೊತ್ತಾಯಿತು. ಅವರ ಮಾತಿನಲ್ಲಿ ಸಿಟ್ಟು ಕಾಣಲಿಲ್ಲ, ಪ್ರೀತಿಯೂ ಕಾಣಲಿಲ್ಲ. ಕಾಲು ಮುರಿಸಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಆದರೂ ಅವರ ಹೆಸರನ್ನೇ ಸಾಕ್ಷಿಯೆಂದು ಬರೆದುಕೊಡಲು ನಿರ್ಧರಿಸಿದೆ. ಹಾಲಮ್ಮನಿಗೆ ಹೇಳಿದಾಗ, ಈ ಸಲ ಮೊದಲು ನನಗೆ ಹೇಳಿದಿರಲ್ಲ ಎಂದಳು. ಮಾರನೇ ದಿನ ಅಟ್ಟದ ಮೇಲಿದ್ದ ಎರಡು ತಗಡಿನ ಟ್ರಂಕು ಇಳಿಸಿ ಬಿಸಿಲಿಗೆ ಇಟ್ಟಳು. ಕೇಳಿದ್ದಕ್ಕೆ ಜಿರಲೆ ಆಗಿವೆ ಎಂದಳು.

ವಿಚಾರಣೆಯ ಅಧಿಕಾರಿ ವಿಶಾಲಾಕ್ಷಮ್ಮ ಎನ್ನುವವರು. ಬೆಳಗಿನ ಬಸ್ಸಿಗೆ ಒಂದು ಫೈಲು, ಒಂದು ಊಟದ ಡಬ್ಬಿ ಹಿಡಿದುಕೊಂಡು ಬಂದರು. ಬಸವಣ್ಯಪ್ಪನವರ ಕೋಣೆಯಲ್ಲೇ ಕೂತರು. ಬಸವಣ್ಯಪ್ಪ ತಮ್ಮ ಕೋಣೆಯಲ್ಲಿ ತಾವೇ ಸ್ಟೂಲಿನ ಮೇಲೆ ಕೂರಬೇಕಾಯಿತು. ಅಧಿಕಾರಿ ಏರುದನಿಯಲ್ಲಿ ಒಂದು ಮಾತೂ ಆಡಲಿಲ್ಲ. ದಿನಕ್ಕೆ ಎಷ್ಟು ಕುಡಿಯುತ್ತಿದ್ದಿರಿ, ಎಲ್ಲಿ, ಯಾರ ಜೊತೆ, ಕುಡಿದು ಪಾಳಿಗೆ ಬಂದದ್ದುಂಟೇ, ಹೆಂಡತಿಯ ಮೇಲೆ ಕೈ ಮಾಡಿದ್ದುಂಟೇ, ಈಗ ಕುಡಿಯಬೇಕು ಅನಿಸಿದಾಗ ಏನು ಮಾಡುತ್ತೀರಿ ಎಂದು ಕೇಳಿದರು. ಕೊನೆಯದಕ್ಕೆ, ಹಾಲಮ್ಮನ ಅಂಗನವಾಡಿಗೆ ಹೋಗಿ ನೀರು ತುಂಬಿಸಿಕೊಡುತ್ತೇನೆ ಎಂದೆ. ಅವರು ಬರೆದುಕೊಂಡರು. ಹಳೆಯ ಅರ್ಜಿಯ ಸುಳ್ಳಿಗೆ ಏನು ಹೇಳುತ್ತೀರಿ ಎಂದಾಗ ಹೇಳಲು ಏನೂ ಇಲ್ಲ ಎಂದೆ. ಬಸವಣ್ಯಪ್ಪ ಕಿಟಕಿಯ ಕಡೆ ನೋಡಿದರು.

“ಹದಿನಾರನೇ ಪ್ರಶ್ನೆಗೆ ಗೊತ್ತಿಲ್ಲ ಅಂತ ಬರೆದಿದೀರಿ. ನಾನು ಇಂಥ ಅರ್ಜಿ ನೂರಾರು ನೋಡಿದೀನಿ. ಎಲ್ಲರೂ ಇಲ್ಲ ಅಂತಲೇ ಬರೀತಾರೆ” ಎಂದರು. ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಸಾಕ್ಷಿಯನ್ನು ಕರೆಯಿರಿ ಎಂದರು.

ಖಲಂದರ್ ಸಾಬರು ಕೋಲೂರಿಕೊಂಡು ಒಳಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅಧಿಕಾರಿ ಕುರ್ಚಿ ತೋರಿಸಿ, ಆ ದಿನ ಈತ ಏನು ಹೇಳಿದ ಎಂದು ಕೇಳಿದರು.

“ರಸ್ತೆ ಮೇಲೆ ಬಿದ್ದಿದ್ದೆನಮ್ಮ. ಮೂಳೆ ಹೊರಗೆ ಕಾಣ್ತಿತ್ತು. ಆ ಹೊತ್ತಲ್ಲಿ ಸುಣ್ಣದ ಗೂಡಿನ ಕಡೆ ಯಾರೂ ಬರಲ್ಲ. ಇವರು ಎದ್ದು ಬಂದು ನನ್ನ ತಲೆ ತೊಡೆ ಮೇಲೆ ಇಟ್ಕೊಂಡು ಕೂತರು. ಹೆಂಡದ ವಾಸನೆ ತಡೆಯೋಕಾಗ್ತಿರಲಿಲ್ಲ. ರಕ್ತ ನೋಡಿ, ನನ್ನ ಕತೆ ಮುಗೀತು ಅಂತ ನಾನು ಕಲ್ಮಾ ಹೇಳೋಕೆ ಶುರು ಮಾಡಿದೆ. ಆಗ ಇವರಂದ್ರು, ಸಾಬ್ರೇ, ನೀವು ಸಾಯಲ್ಲ, ಬೆಳಿಗ್ಗೆ ಬಾವೀಲಿ ನಿಮ್ಮ ದನಿ ಕೇಳಿದೀನಿ, ನಾಳೆ ಆಸ್ಪತ್ರೇಲಿ ಚಹಾಕ್ಕೆ ಸಕ್ಕರೆ ಕಮ್ಮಿ ಆಯ್ತು ಅಂತ ಜಗಳ ಆಡ್ತಿದೀರಿ ಅಂತ.”

ಬಸವಣ್ಯಪ್ಪ ಕಣ್ಣು ಮುಚ್ಚಿಕೊಂಡಿದ್ದರು. ನಾನು ನನ್ನ ಬಾಯಿಂದ ಬಂದ ಆ ಮಾತನ್ನು ಮೊದಲ ಸಲ ಕೇಳುತ್ತಿದ್ದೆ. ಬೇರೆ ಯಾರದ್ದೋ ಮಾತಿನಂತೆ ಇತ್ತು.

“ಆಮೇಲೆ?” ಎಂದರು ಅಧಿಕಾರಿ.

“ಆಮೇಲೆ ನಾನು ಕಲ್ಮಾ ನಿಲ್ಲಿಸಿದೆ. ಗಾಡಿ ಬರೋವರೆಗೂ ಅದೇ ಮಾತು ಹಿಡ್ಕೊಂಡಿದ್ದೆ. ಮಾರನೇ ದಿನ ಆಸ್ಪತ್ರೇಲಿ ಚಹಾ ಬಂತು.”

“ಸಕ್ಕರೆ ಕಡಿಮೆ ಇತ್ತೇ?”

“ಸರಿಯಾಗೇ ಇತ್ತೇನೋ. ಆದ್ರೂ ಜಗಳ ಆಡಿದೆ. ಆಡಬೇಕಿತ್ತಲ್ಲಮ್ಮ.”

ಅಧಿಕಾರಿ ತಲೆ ಎತ್ತದೆ ಬರೆದುಕೊಂಡರು. ಈ ಮಾತು ಕೋರ್ಟಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ, ಅಲ್ಲಿ ಕಾಲಿನ ವಿಷಯ ಮಾತ್ರ ಕೇಳಿದರು, ಇದನ್ನು ಹೇಳಿದ್ದರೆ ಇವರ ಕೆಲಸ ಹೋಗುತ್ತಿತ್ತು ಎಂದರು. ಈಗ ಯಾಕೆ ಹೇಳುತ್ತಿದ್ದೀರಿ ಎಂಬುದಕ್ಕೆ, ಇವರೇ ಬಂದು ಇದ್ದದ್ದು ಹೇಳಿ ಎಂದು ಕೇಳಿದರು, ಕೇಳಿದ ಮೇಲೆ ಸುಳ್ಳು ಹೇಳಲು ನಾನು ಯಾರು ಎಂದರು. ಅಧಿಕಾರಿ ಅವರಿಗೆ ಹೊರಗೆ ಕೂರಲು ಹೇಳಿ ಬಾಗಿಲು ಹಾಕಿಸಿದರು.

“ಬಾವಿಯ ಮಾತು ಹೊರಗೆ ಹೋಗಿದೆ” ಎಂದರು ಅಧಿಕಾರಿ ನನ್ನ ಕಡೆ ತಿರುಗಿ. ಹೋಗಿದೆ ಎಂದೆ. ಮನೆಯಲ್ಲಿ ಬಿಸಿಲಿಗಿಟ್ಟ ಟ್ರಂಕುಗಳು ಕಣ್ಣ ಮುಂದೆ ಬಂದವು. ಹೊಳೆಯಾಚೆ ನನ್ನ ದೂರದ ನೆಂಟರೊಬ್ಬರ ಇಟ್ಟಿಗೆ ಭಟ್ಟಿ ಇದೆ, ಅಲ್ಲಿ ಕೆಲಸ ಸಿಗಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಅಧಿಕಾರಿ ಆ ದಿನದ ರಿಜಿಸ್ಟರು ತರಲು ಹೇಳಿದರು. ಯಾವ ಮಾತು ಹೊರಗೆ ಹೋಯಿತೋ ಅದರ ನಮೂದನ್ನು ಆದೇಶದಲ್ಲಿ ಕಾಣಿಸಬೇಕು, ಅದು ನಿಯಮ.

ಬಸವಣ್ಯಪ್ಪ ಬೀರು ತೆಗೆದು ಮೂರು ವರ್ಷದ ಹಿಂದಿನ ರಿಜಿಸ್ಟರು ತಂದು, ಧೂಳು ಒರೆಸಿ, ಪುಟ ಹುಡುಕಿ ಕೊಟ್ಟರು. ಅಧಿಕಾರಿ ಬೆರಳಿಟ್ಟು ಓದಿದರು. ಮತ್ತೆ ಮೊದಲಿಂದ ಓದಿದರು. ಆಮೇಲೆ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ಬೆಳಗಿನ ಪಾಳಿ, ಆರರಿಂದ ಹನ್ನೆರಡು. ಕೈಬರಹ ನನ್ನದೇ. ಗಂಟೆಗೊಂದು ಸಾಲಿನಂತೆ ಆರು ಸಾಲು, ಆರರಲ್ಲೂ ಒಂದೇ ಮಾತು: ಬಾವಿ ಮೌನ. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಜೊತೆಗಾರನ ಸಹಿ. ವರ್ಷದಲ್ಲಿ ಹತ್ತು ಹನ್ನೆರಡು ದಿನ ಹಾಗೆ ಆಗುತ್ತದೆ. ಕಿವಿ ಹಚ್ಚಿ ಕೂತರೂ ನೀರು ಏನನ್ನೂ ಕೊಡುವುದಿಲ್ಲ.

“ನೀವು ಅವರ ದನಿ ಕೇಳಿಯೇ ಇಲ್ಲ” ಎಂದರು ಅಧಿಕಾರಿ.

“ಇಲ್ಲ ಅಂತ ಕಾಣುತ್ತೆ.”

“ಹಾಗಾದ್ರೆ ಅವರಿಗೆ ಸುಳ್ಳು ಹೇಳಿದಿರಿ.”

ಅಧಿಕಾರಿ ನಿಯಮಗಳ ಪುಸ್ತಕ ತೆಗೆದು ಎರಡು ಮೂರು ಕಡೆ ನೋಡಿದರು. ಬಾವಿಯ ಮಾತನ್ನು ಹೊರಗೆ ಆಡಿದರೆ ಏನು ಮಾಡಬೇಕು ಎಂದು ಅದರಲ್ಲಿತ್ತು. ಬಾವಿ ಆಡದ ಮಾತನ್ನು ಆಡಿದರೆ ಏನು ಎಂದು ಇರಲಿಲ್ಲ. ಪುಸ್ತಕ ಮುಚ್ಚಿ ಊಟದ ಡಬ್ಬಿ ಬಿಚ್ಚಿದರು. ನೀವೂ ಊಟ ಮಾಡಿ ಬನ್ನಿ ಎಂದರು. ನಾನು ಮನೆಗೆ ಹೋಗಲಿಲ್ಲ. ಬಾಗಿಲಾಚೆ ಮೊಗಸಾಲೆಯಲ್ಲೇ ನಿಂತುಕೊಂಡೆ.

ಎರಡು ಗಂಟೆಗೆ ಆದೇಶ ಕೊಟ್ಟರು. ಐದು ವರ್ಷದ ಬದಲು ಎರಡು ವರ್ಷದ ಒಳಪತ್ರ. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ. ಇನ್ನೊಂದು ಲೋಟ ಕುಡಿದದ್ದು ತಿಳಿದರೆ ವಿಚಾರಣೆ ಇಲ್ಲದೆ ಹೊಳೆಯಾಚೆ. ಹಿಂದಿನ ಸುಳ್ಳನ್ನು ನನ್ನ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದರು. ಬಸವಣ್ಯಪ್ಪನವರಿಗೂ ಒಂದು ಎಚ್ಚರಿಕೆ ಪತ್ರ ಸಿಕ್ಕಿತು. ಅವರು ಅದನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡರು. ಕೊನೆಗೆ ಅಧಿಕಾರಿ ಪ್ರತಿಜ್ಞೆಯ ಹಾಳೆಗೆ ನನ್ನ ಸಹಿ ಹಾಕಿಸಿಕೊಂಡರು. ರಿಜಿಸ್ಟರಿನಲ್ಲಿ ಏನು ಇದೆ ಎಂಬುದನ್ನಾಗಲಿ ಏನು ಇಲ್ಲ ಎಂಬುದನ್ನಾಗಲಿ ಹೊರಗಿನವರಿಗೆ ತಿಳಿಸುವುದಿಲ್ಲ ಎಂದು ಅದರಲ್ಲಿತ್ತು. ಹಿಂದೆ ಮೂರು ಸಲ ಆ ಹಾಳೆಗೆ ಸಹಿ ಹಾಕಿದ್ದೆ, ಓದಿದ್ದು ಇದೇ ಮೊದಲು.

ಹೊರಗೆ ಅಂಗಳದ ಕಲ್ಲುಬೆಂಚಿನ ಮೇಲೆ ಖಲಂದರ್ ಸಾಬರು ಇನ್ನೂ ಕೂತಿದ್ದರು. ಪಕ್ಕದಲ್ಲಿ ಹಾಲಮ್ಮ ಇದ್ದಳು, ಅಂಗನವಾಡಿ ಮುಗಿಸಿ ಬಂದಿದ್ದಳು. ಉಪ್ಪಿಟ್ಟಿನ ಡಬ್ಬಿ ಇಬ್ಬರ ನಡುವೆ ಖಾಲಿಯಾಗಿತ್ತು. ನಾನು ಪತ್ರ ತೋರಿಸಿದೆ. ಹಾಲಮ್ಮ ತಾರೀಖು ನೋಡಿದಳು, ಎರಡು ವರ್ಷ ಎಂದಳು, ಸೆರಗಿನಿಂದ ಡಬ್ಬಿ ಒರೆಸತೊಡಗಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಖಲಂದರ್ ಸಾಬರು ಕೋಲು ಹಿಡಿದು ಎದ್ದರು. ಹತ್ತಿರ ಬಂದು ದನಿ ತಗ್ಗಿಸಿದರು.

“ಆ ಅಮ್ಮ ಪುಸ್ತಕ ತರಿಸಿ ನೋಡಿದ್ರಂತೆ. ನನ್ನ ದನಿ ಇತ್ತಾ ಅದರಲ್ಲಿ?”

ಆರು ಸಾಲು ಕಣ್ಣ ಮುಂದೆ ಇತ್ತು. ಇಲ್ಲ ಎನ್ನಬಹುದಿತ್ತು. ಕಾಲು ಮುರಿದವನಿಂದ ಅಷ್ಟು ನಿಜವಾದರೂ ಅವರಿಗೆ ಸಲ್ಲಬೇಕು ಎಂದೂ ಅನಿಸಿತು. ಸಹಿಯ ಶಾಯಿ ಇನ್ನೂ ಬೆರಳಿಗೆ ಅಂಟಿತ್ತು.

“ಹೇಳೋ ಹಾಗಿಲ್ಲ ಸಾಬ್ರೇ.”

ಅವರು ನನ್ನನ್ನೇ ನೋಡುತ್ತ ನಿಂತರು. ಆಮೇಲೆ ಮುಖದ ಬಿಗಿ ಸಡಿಲವಾಯಿತು. ಇತ್ತು ಎಂಬ ಉತ್ತರವೇ ಸಿಕ್ಕಿದವರಂತೆ ತಲೆಯಾಡಿಸಿದರು.

“ಗೊತ್ತು, ನೀವು ಹೇಳೋ ಹಾಗಿಲ್ಲ. ಅಷ್ಟು ಸಾಕು ನನಗೆ” ಎಂದರು. ನನ್ನ ಅಂಗಿಯ ಭುಜ ಹಿಡಿದು ಎಳೆದು ನೋಡಿದರು. “ಕುಡಿಯೋದು ಬಿಟ್ಟ ಮೇಲೆ ಇಳಿದು ಹೋಗಿದೀರಿ. ಭುಜ ಕೆಳಗೆ ಬಿದ್ದಿದೆ. ಒಂದಿನ ಅಂಗಡಿಗೆ ತನ್ನಿ, ಹಿಡಿದು ಹೊಲಿದು ಕೊಡ್ತೀನಿ.”

ತರುತ್ತೇನೆ ಎಂದೆ. ಅವರು ಹೊರಟರು. ಎಡಗಾಲು ಎಳೆದುಕೊಂಡು, ಬಿಳಿ ಅಂಗಿ ಬಿಸಿಲಿಗೆ ಹೊಳೆಯುತ್ತ, ಅಂಗಳ ದಾಟಿ ರಸ್ತೆಗೆ ಇಳಿದರು. ಏನಂತೆ ಅವರು ಕೇಳಿದ್ದು ಎಂದು ಹಾಲಮ್ಮ ಕೇಳಲಿಲ್ಲ. ಅವರು ರಸ್ತೆಯ ತಿರುವು ದಾಟಿ ಮರೆಯಾಗುವವರೆಗೆ ನಾನು ಬಾಯಿ ಬಿಗಿದುಕೊಂಡು ನಿಂತಿದ್ದೆ.